‘ನುಂಗಿದರೂ ತೊಂದರೆಯಿಲ್ಲ’ ಎಂಬ ಪೇಸ್ಟ್ ನಂಬಿ ಹಾಳಾದ ನಾಲ್ಕು ಹಾಲುಹಲ್ಲು

ಉಡುಪಿ ಹತ್ತಿರದ ಒಂದು ಮನೆ. ಮಗುವಿಗೆ ಎರಡೂವರೆ ವರ್ಷ. ಮೇಲಿನ ಎದುರು ಹಲ್ಲು ನಾಲ್ಕೂ ಕಂದುಬಣ್ಣಕ್ಕೆ ತಿರುಗಿ, ಎರಡು ಒಸಡಿನ ಮಟ್ಟಕ್ಕೆ ಮುರಿದು, ಅದರ ಮೇಲೆ ಕೀವಿನ ಗುಳ್ಳೆ ಎದ್ದಿತ್ತು. ಆ ಎರಡನ್ನು ಕೀಳಲೇಬೇಕಾಯಿತು. ಆ ಜಾಗದಲ್ಲಿ ಇನ್ನೊಂದು ಹಲ್ಲು ಬರಲು ಮಗುವಿಗೆ ಏಳೆಂಟು ವರ್ಷ ಆಗಬೇಕು.

ಮನೆಯವರು ಅಸಡ್ಡೆ ಮಾಡಿದವರಲ್ಲ. ಮೊದಲ ಹಲ್ಲು ಕಂಡ ದಿನದಿಂದ ಬೆಳಿಗ್ಗೆ ಸಂಜೆ ತಪ್ಪದೆ ಉಜ್ಜಿದ್ದಾರೆ. ಆದರೆ ಅವರು ತಂದಿಟ್ಟದ್ದು ಮೂರು ವಸ್ತು: ಫ್ಲೋರೈಡ್ ಇಲ್ಲದ ಸ್ಟ್ರಾಬೆರಿ ಪೇಸ್ಟ್, ಬೆರಳಿಗೆ ಸಿಕ್ಕಿಸುವ ಸಿಲಿಕೋನ್ ಬ್ರಶ್, ಹಲ್ಲು ಬರುವಾಗ ಒಸಡಿಗೆ ಹಚ್ಚುವ ಜೆಲ್. ಇದೇ ಮೂರು ಮಂಗಳೂರು, ಉಡುಪಿಯ ಎಷ್ಟೋ ಮನೆಗಳಲ್ಲಿ ಉಂಟು. ಅದಕ್ಕೇ ಇದನ್ನು ಬರೆಯುತ್ತಿರುವುದು.

ಮೊದಲು ಪೇಸ್ಟ್. ಡಬ್ಬಿಯ ಎದುರು ‘ನುಂಗಿದರೂ ತೊಂದರೆಯಿಲ್ಲ’, ‘ನೈಸರ್ಗಿಕ’ ಎಂದಿದ್ದರೆ ಹೆಚ್ಚಿನ ಸಲ ಅದರ ಅರ್ಥ, ಒಳಗೆ ಫ್ಲೋರೈಡ್ ಇಲ್ಲ ಎಂದೇ. ಹುಳುಕು ತಡೆಯುವುದು ನೊರೆಯೂ ಅಲ್ಲ, ಪರಿಮಳವೂ ಅಲ್ಲ. ಸಿಹಿ ತಿಂದ ಮೇಲೆ ಬಾಯಿಯ ಬ್ಯಾಕ್ಟೀರಿಯಾ ಹುಟ್ಟಿಸುವ ಆಮ್ಲ ಹಲ್ಲಿನಿಂದ ಕ್ಯಾಲ್ಸಿಯಂ ಕರಗಿಸುತ್ತದೆ. ಆ ಕ್ಯಾಲ್ಸಿಯಂ ಮತ್ತೆ ಹಲ್ಲಿಗೆ ಸೇರಿ ಗಟ್ಟಿಯಾಗಲು ನೆರವಾಗುವುದು ಫ್ಲೋರೈಡ್. ಟ್ಯೂಬಿನ ಹಿಂಬದಿ ತಿರುಗಿಸಿ ನೋಡಿ. ಫ್ಲೋರೈಡ್ ಇರುವ ಪೇಸ್ಟ್ ಆದರೆ ಅದು ಎಷ್ಟು ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ) ಎಂದು ಟ್ಯೂಬು, ಡಬ್ಬಿ ಎರಡರಲ್ಲೂ ಮುದ್ರಿಸಬೇಕು, 1000 ಪಿಪಿಎಂ ಮೀರಬಾರದು ಎಂಬುದು ನಮ್ಮ ದೇಶದ ನಿಯಮ. ಮಕ್ಕಳ ಪೇಸ್ಟ್ ಎಂದು ಮಾರುವ ಕೆಲವದರಲ್ಲಿ ಇದರ ಅರ್ಧದಷ್ಟೇ ಇರುತ್ತದೆ. 1000ಕ್ಕೆ ಹತ್ತಿರದ್ದನ್ನು ಆರಿಸಿ. ಅದಕ್ಕಿಂತ ಕಡಿಮೆಯಾದಂತೆ ಹುಳುಕು ತಡೆಯುತ್ತದೆಂಬ ಭರವಸೆಯೂ ಕಡಿಮೆ.

‘ಫ್ಲೋರೈಡ್ ವಿಷ’ ಎಂಬ ವಾಟ್ಸಾಪ್ ಸಂದೇಶ ನೋಡಿ ಹೆದರಿದವರಿಗೆ ಒಂದು ಮಾತು. ಕೋಲಾರ, ಪಾವಗಡ, ರಾಯಚೂರು ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಅತಿಯಾಗಿ ಜನರ ಹಲ್ಲು, ಮೂಳೆ ಕೆಟ್ಟದ್ದು ನಿಜ. ಆದರೆ ನಮ್ಮ ಕರಾವಳಿಯ ಬಾವಿ ನೀರಿನಲ್ಲಿ ಅದು ಸಾಮಾನ್ಯವಾಗಿ ತೀರಾ ಕಡಿಮೆ. ಇಲ್ಲಿಯ ಮಗುವಿಗೆ ಪೇಸ್ಟಿನಿಂದಲೂ ಸಿಗದಿದ್ದರೆ ಬೇರೆಲ್ಲಿಂದ ಸಿಗಬೇಕು?

ಭಯ ಇರಬೇಕಾದ್ದು ಅಳತೆಯ ಬಗ್ಗೆ. ಮೂರು ವರ್ಷ ತುಂಬುವವರೆಗೆ ಒಂದು ಕಾಳು ಅಕ್ಕಿಯಷ್ಟು ಪೇಸ್ಟ್. ಅದೂ ಬೆಳ್ತಿಗೆ ಅಕ್ಕಿಯ ಕಾಳು, ಬೆಂದ ಕುಚ್ಚಲಕ್ಕಿಯ ಅಗುಳಲ್ಲ. ಅದು ಸುಮಾರು 0.1 ಗ್ರಾಂ, 1000 ಪಿಪಿಎಂ ಪೇಸ್ಟ್ ಆದರೆ ಅದರಲ್ಲಿ ಫ್ಲೋರೈಡ್ 0.1 ಮಿಲಿಗ್ರಾಂ. ಮಗು ಪೂರ್ತಿ ನುಂಗಿದರೂ ಏನೂ ಆಗದು. ಮೂರರಿಂದ ಆರು ವರ್ಷಕ್ಕೆ ಸಣ್ಣ ಬಟಾಣಿಯಷ್ಟು, ಕಾಲು ಗ್ರಾಂ. ಜಾಹೀರಾತಿನಲ್ಲಿ ತೋರಿಸುವ ಹಾಗೆ ಬ್ರಶ್ಶಿನ ಉದ್ದಕ್ಕೂ ಹಾಕಿ, ದಿನವೂ ಅದು ಹೊಟ್ಟೆಗೆ ಹೋದರೆ ಮುಂದೆ ಬರುವ ಶಾಶ್ವತ ಹಲ್ಲಿನ ಮೇಲೆ ಬಿಳಿ ಗೆರೆ ಮೂಡಬಹುದು. ಟ್ಯೂಬನ್ನು ಮಕ್ಕಳ ಕೈಗೆ ಎಟುಕದಂತೆ ಇಡಿ. 50 ಗ್ರಾಂ ಟ್ಯೂಬಿನಲ್ಲಿ 50 ಮಿಲಿಗ್ರಾಂ ಫ್ಲೋರೈಡ್ ಇರುತ್ತದೆ. 10 ಕಿಲೋ ತೂಕದ ಮಗು ಅಷ್ಟನ್ನೂ ತಿಂದರೆ ಅಪಾಯದ ಮಟ್ಟ. ಹಾಗಾದರೆ ಹಾಲು ಕುಡಿಸಿ, ಟ್ಯೂಬ್ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ.

ಬೆರಳಿನ ಸಿಲಿಕೋನ್ ಬ್ರಶ್ ಹಲ್ಲು ಬರುವ ಮೊದಲು ಒಸಡು ಒರೆಸಲು ಸಾಕು. ಅದಕ್ಕಾದರೂ ಒದ್ದೆ ಹತ್ತಿಬಟ್ಟೆ ಅಷ್ಟೇ ಚೆನ್ನಾಗಿ ಆಗುತ್ತದೆ. ಹಲ್ಲು ಬಂದ ಮೇಲೆ ಅದರ ದಪ್ಪ ಮೊಳೆಗಳು ಒಸಡಿನ ಅಂಚಿಗೆ ಸರಿಯಾಗಿ ತಾಗುವುದಿಲ್ಲ, ಮಗು ಕಚ್ಚಿದರೆ ತುಂಡಾಗಿ ಗಂಟಲಿಗೂ ಹೋಗಬಹುದು. ಮೊದಲ ಹಲ್ಲಿನಿಂದಲೇ ಮೆತ್ತನೆ ನೈಲಾನ್ ಎಳೆಯ ಬ್ರಶ್ ಬೇಕು, ತಲೆ ಒಂದೂವರೆ ಸೆಂಟಿಮೀಟರ್ ಒಳಗೆ. ಮಗುವಿನ ತಲೆಯನ್ನು ನಿಮ್ಮ ಮಡಿಲಲ್ಲಿ ಮಲಗಿಸಿಕೊಂಡು, ಮೇಲ್ತುಟಿಯನ್ನು ಬೆರಳಿನಿಂದ ಎತ್ತಿ, ಎಳೆಗಳು ಅರ್ಧ ಒಸಡಿಗೆ ಅರ್ಧ ಹಲ್ಲಿಗೆ ತಾಗುವಂತೆ ಉಜ್ಜಿ. ತುಟಿ ಎತ್ತದೆ ಉಜ್ಜಿದರೆ ಹುಳುಕು ಶುರುವಾಗುವ ಜಾಗವೇ ಬಿಟ್ಟುಹೋಗುತ್ತದೆ. ನಮ್ಮ ಮಳೆಗಾಲದಲ್ಲಿ ಮುಚ್ಚಳ ಹಾಕಿದ ಬ್ರಶ್ ಒಣಗುವುದೇ ಇಲ್ಲ, ಬೂಸ್ಟು ಹಿಡಿಯುತ್ತದೆ. ಮುಚ್ಚಳ ತೆಗೆದು ನೇರ ನಿಲ್ಲಿಸಿಡಿ.

ಕೆಲವು ಮನೆಯಲ್ಲಿ ಅಜ್ಜಿಯಂದಿರು ಉಮಿ ಸುಟ್ಟ ಮಸಿಗೆ ಉಪ್ಪು ಬೆರೆಸಿ ಉಜ್ಜುತ್ತಾರೆ. ದೊಡ್ಡವರಿಗೂ ಅದು ಒರಟು. ಹಾಲುಹಲ್ಲಿನ ಹೊರಪದರ ದೊಡ್ಡವರದ್ದಕ್ಕಿಂತ ಸುಮಾರು ಅರ್ಧ ತೆಳು. ಅದಕ್ಕೆ ಮಸಿಯೂ ಬೇಡ, ಹಲ್ಲುಪುಡಿಯೂ ಬೇಡ.

ಎಲ್ಲಕ್ಕಿಂತ ಅಪಾಯದ್ದು ಜೆಲ್. ಚೀಟಿಯಿಲ್ಲದೆ ಮೆಡಿಕಲ್‌ನಲ್ಲಿ ಕೇಳಿ ತರುವವರು ಹಿಂಬದಿಯಲ್ಲಿ ಮೂರು ಹೆಸರು ಹುಡುಕಿ: ಬೆಂಜೊಕೇನ್, ಲಿಗ್ನೊಕೇನ್, ಕೋಲಿನ್ ಸ್ಯಾಲಿಸಿಲೇಟ್. ಒಂದು ಇದ್ದರೂ ಮಗುವಿನ ಬಾಯಿಗೆ ಬೇಡ. ಜೊಲ್ಲಿನಲ್ಲಿ ಜೆಲ್ ಕೆಲವೇ ನಿಮಿಷದಲ್ಲಿ ತೊಳೆದುಹೋಗುತ್ತದೆ, ಮಗು ಮತ್ತೆ ಅಳುತ್ತದೆ, ಮನೆಯವರು ಮತ್ತೆ ಹಚ್ಚುತ್ತಾರೆ, ಅಷ್ಟೂ ಹೊಟ್ಟೆಗೆ. ಬೆಂಜೊಕೇನ್ ರಕ್ತ ಆಮ್ಲಜನಕ ಒಯ್ಯುವುದನ್ನೇ ಕೆಡಿಸಬಲ್ಲದು. ತುಟಿ, ಉಗುರು ಬೂದು ಮಿಶ್ರಿತ ನೀಲಿಯಾದರೆ ಒಂದು ನಿಮಿಷವೂ ಕಾಯಬೇಡಿ. ಎರಡು ವರ್ಷದೊಳಗಿನ ಮಕ್ಕಳಿಗೆ ಇದನ್ನು ಹಚ್ಚಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಸಿದೆ. ಲಿಗ್ನೊಕೇನ್ ಹೆಚ್ಚಾದರೆ ಫಿಟ್ಸ್ ಬರಬಹುದು. ಕೋಲಿನ್ ಸ್ಯಾಲಿಸಿಲೇಟ್ ಆಸ್ಪಿರಿನ್ ಬಳಗದ್ದು. ಬ್ರಿಟನ್ನಿನಲ್ಲಿ 2009ರಿಂದ 16 ವರ್ಷದೊಳಗಿನವರಿಗೆ ಬೇಡವೆಂದಿದ್ದಾರೆ. ಜೆಲ್ ಬದಲು ಶುದ್ಧ ಬೆರಳಿನಿಂದ ಒಸಡು ಮೆಲ್ಲಗೆ ತಿಕ್ಕಿ, ಇಲ್ಲವೇ ಫ್ರಿಡ್ಜ್‌ನಲ್ಲಿ ತಣ್ಣಗಾದ, ಒಳಗೆ ನೀರು ತುಂಬಿರದ ಗಟ್ಟಿ ಟೀದರ್ (ಮಗು ಕಚ್ಚುವ ಆಟಿಕೆ) ಕೊಡಿ, ಫ್ರೀಜರ್‌ನಲ್ಲಿ ಇಡಬೇಡಿ. ನಿಪ್ಪಲ್ಲಿಗೆ ಜೇನು ಸವರುವುದಂತೂ ಬೇಡವೇ ಬೇಡ: ವರ್ಷದೊಳಗಿನ ಮಗುವಿಗೆ ಜೇನಿನಿಂದ ಬೊಟುಲಿಸಂ ಎಂಬ ಪ್ರಾಣಾಪಾಯದ ಕಾಯಿಲೆ ಬರಬಹುದು. ಇನ್ನು, ಜೋರು ಜ್ವರ, ಭೇದಿ ಹಲ್ಲು ಬರುವುದರಿಂದ ಆಗುವುದಲ್ಲ. ಮಕ್ಕಳ ಡಾಕ್ಟರಿಗೆ ತೋರಿಸಿ.

ಆ ಉಡುಪಿಯ ಮಗುವಿಗೆ ರಾತ್ರಿ ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡು ನಿದ್ದೆ ಹೋಗುವ ಅಭ್ಯಾಸವೂ ಇತ್ತು. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಹಾಲು ಮೇಲಿನ ಹಲ್ಲಿನ ಸುತ್ತ ನಿಲ್ಲುತ್ತದೆ. ಕೆಳಗಿನವನ್ನು ನಾಲಿಗೆ ಮುಚ್ಚಿಕೊಂಡಿರುತ್ತದೆ. ಕೆಳಹಲ್ಲು ಬೆಳ್ಳಗಿದ್ದು ಮೇಲಿನ ನಾಲ್ಕು ಮಾತ್ರ ಹೋದದ್ದು ಹೀಗೆ. ಇದು ಒಂದೇ ದಿನದಲ್ಲಿ ಆದದ್ದಲ್ಲ. ಕಂದು ಬಣ್ಣ ಬರುವ ಮೊದಲು ಒಸಡಿನ ಅಂಚಿಗೆ ಸುಣ್ಣ ಬಳಿದಂಥ ಬಿಳಿ ಗೆರೆ ಕಾಣುತ್ತದೆ. ತಿಂಗಳಿಗೊಮ್ಮೆ ಬೆಳಕಿಗೆ ಕೂತು ತುಟಿ ಎತ್ತಿ ನೋಡಿ. ಆ ಹಂತದಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಫ್ಲೋರೈಡ್ ವಾರ್ನಿಷ್ ಎಂಬ ಲೇಪ ಹಚ್ಚಿಸಿದರೆ ಕೊರೆಯದೆ, ಕೀಳದೆ ಹಲ್ಲನ್ನು ಉಳಿಸಿಕೊಳ್ಳಲು ಆಗುತ್ತದೆ. ಮಣಿಪಾಲ, ಮಂಗಳೂರು, ದೇರಳಕಟ್ಟೆಯ ಡೆಂಟಲ್ ಕಾಲೇಜುಗಳಲ್ಲಿ ಮಕ್ಕಳ ಹಲ್ಲಿಗೇ ಬೇರೆ ವಿಭಾಗ ಉಂಟು. ಮೊದಲ ಹುಟ್ಟುಹಬ್ಬದೊಳಗೆ ಒಮ್ಮೆ ಹೋಗಿ. ಮನೆಯಲ್ಲಿರುವ ಪೇಸ್ಟ್, ಬ್ರಶ್, ಜೆಲ್ ಮೂರನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ.