ಬಾಟಲಿ ಮೇಲೆ ನನ್ನ ಮುಖ, ಒಳಗೆ ಯಾರದ್ದೋ ಮಿಡಿ: ಮನೆ ತಿಂಡಿ ಮಾರೋರು ದಯವಿಟ್ಟು ಓದಿ

ಶಿರಸಿ, ಸಿದ್ದಾಪುರ, ಸಾಗರ, ಹೊಸನಗರ ಕಡೆ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿ ಬೆಲ್ಲ, ಮುರುಗಲ ಸಿಪ್ಪೆ ಮಾಡಿ ಮಾರೋರು ಯಾರೇ ಇದ್ದರೂ ಇದನ್ನ ಪೂರ್ತಿ ಓದಿ. "ರೈತರ ಮನೆಯಿಂದ ನೇರ ನಿಮ್ಮ ಊಟದ ತಟ್ಟೆಗೆ" ಅಂತ ಹೇಳಿಕೊಂಡು ಬರೋ ಆ್ಯಪ್‌ನವರು ನಿಮ್ಮ ಅಂಗಳಕ್ಕೂ ಬರ್ತಾರೆ. ಬಂದು ಹೋಗಿಯೂ ಇರಬಹುದು. ಕಂಪನಿ ಹೆಸರು ಇಲ್ಲಿ ಹಾಕ್ತಾ ಇಲ್ಲ, ದೂರು ಕೊಟ್ಟಾಗಿದೆ, ವಕೀಲರು ಸದ್ಯಕ್ಕೆ ಬೇಡ ಅಂದಿದ್ದಾರೆ. ಕಮೆಂಟಲ್ಲಿ ಕೇಳಬೇಡಿ.

ಅವರು ಬಂದಿದ್ದು ಕ್ಯಾಮೆರಾ ಹಿಡ್ಕೊಂಡು. ಉಪ್ಪಿನಕಾಯಿ ರುಚಿ ನೋಡಿದ್ದು ಒಂದು ಮಿಡಿ, ಅದನ್ನೂ ಅರ್ಧ ಬಿಟ್ಟರು. ಫೋಟೊ ಮಾತ್ರ ಬೆಳಗಿಂದ ಸಂಜೆವರೆಗೆ. ನಮ್ಮನೇಲಿ ಸಾಸಿವೆ ಅರೆಯೋದು ಗ್ರೈಂಡರ್‌ನಲ್ಲಿ, ಆದರೆ ಕೊಟ್ಟಿಗೆ ಮೂಲೇಲಿ ಬಿದ್ದಿದ್ದ ಒರಳು ಕಲ್ಲು ತೊಳೆಸಿ ಅದರ ಮುಂದೆ ನನ್ನನ್ನ ಕೂರಿಸಿದರು. ನೈಟಿ ಬೇಡ, ಹಳೇ ಸೀರೆ ಉಡಿ ಅಂದರು. ಅತ್ತೆಯವರನ್ನ ಬಿಸಿಲಲ್ಲಿ ಭರಣಿ ಎತ್ತಿಸಿ ನಡೆಸಿದರು. ಅವರಿಗೆ ಮಂಡಿ ನೋವು.

ಮಾತುಕತೆ ಎಲ್ಲ ಚೆಂದವೇ ಇತ್ತು. ಕಮಿಷನ್ ನೂರಕ್ಕೆ 18, ದುಡ್ಡು ತಿಂಗಳಿಗೊಮ್ಮೆ ಖಾತೆಗೆ, ಪ್ಯಾಕಿಂಗ್ ಅವರದ್ದು. ಲೇಬಲ್‌ಗೆ ಬೇಕು ಅಂತ ನನ್ನ ಎಫ್‌ಎಸ್‌ಎಸ್‌ಎಐ ನಂಬರ್ (ಆಹಾರ ಮಾರೋಕೆ ಸರ್ಕಾರ ಕೊಡೋ ಲೈಸೆನ್ಸ್ ನಂಬರ್), ಉದ್ಯಮ್ ನೋಂದಣಿ (ಸಣ್ಣ ಉದ್ಯಮದ ಸರ್ಕಾರಿ ನೋಂದಣಿ) ಎಲ್ಲದರ ಪ್ರತಿ ತಗೊಂಡರು. ಈ ನಂಬರ್ ವಿಷಯ ನೆನಪಲ್ಲಿಡಿ, ಮುಂದೆ ಬರುತ್ತೆ.

ಅಪ್ಪೆಮಿಡಿ, ಅಂದರೆ ಉಪ್ಪಿನಕಾಯಿಗೆ ಹಾಕೋ ಎಳೇ ಮಾವಿನಕಾಯಿ, ಅದರ ವ್ಯವಹಾರ ಗೊತ್ತಿದ್ದೋರಿಗೆ ಹೇಳಬೇಕಾಗಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಮಿಡಿ ಬರುತ್ತೆ, ಆಗಲೇ ಕೊಳ್ಳಬೇಕು. ಮರ ಹತ್ತೋರು ಸಿಗಲ್ಲ. ತೊಟ್ಟು ಮುರೀದೆ, ನೆಲಕ್ಕೆ ಬಿದ್ದು ಪೆಟ್ಟಾಗದೆ ಇಳಿಸಿದ ಮಿಡಿ ಮಾತ್ರ ಭರಣಿಯಲ್ಲಿ ವರ್ಷಗಟ್ಟಲೆ ನಿಲ್ಲೋದು. ನೂರರ ಲೆಕ್ಕದಲ್ಲಿ ಕೊಳ್ತೀವಿ, ಕೈಗೆ ನಗದು ಕೊಟ್ಟು. ಆಮೇಲೆ ಉಪ್ಪಲ್ಲಿ ಹಾಕಿ, ಅದು ಚಿರುಟಿ, ಖಾರ ಸಾಸಿವೆ ಕಲಸಿ, ಬಾಟಲಿಗೆ ತುಂಬೋ ಹೊತ್ತಿಗೆ ಮಳೆಗಾಲ. ನಮ್ಮ ದುಡ್ಡು ಮೊದಲು ಹೋಗಿರುತ್ತೆ, ಅವರ ದುಡ್ಡು ಕೊನೆಗೆ ಬರಬೇಕು. ಬರಬೇಕು ಅಷ್ಟೇ.

ಮೊದಲನೇ ಪಾವತಿ ಬಂತು. ಎರಡನೇದು ಅರ್ಧ ಬಂತು. ಆ್ಯಪ್‌ನಲ್ಲಿ ಬಾಟಲಿಗೆ 349 ರೂಪಾಯಿ, ನನ್ನ ಖಾತೆಗೆ 131. ಹದಿನೆಂಟು ಪರ್ಸೆಂಟ್ ಕಳೆದರೆ ಎಷ್ಟು ಬರಬೇಕು ಅಂತ ನಮ್ಮೂರ ಶಾಲೆ ಮಕ್ಕಳೂ ಹೇಳ್ತಾರೆ. ಕೇಳಿದ್ರೆ "ವೇರ್‌ಹೌಸ್ ಹ್ಯಾಂಡ್ಲಿಂಗ್", "ಬ್ರೇಕೇಜ್ ಪ್ರಾವಿಷನ್", ಮತ್ತೆ "ಡಿಸ್ಕೌಂಟ್ ಶೇರಿಂಗ್". ಗಣೇಶ ಚೌತಿಗೆ ಒಂದಕ್ಕೆ ಒಂದು ಫ್ರೀ ಅಂತ ಅವರು ಕೊಟ್ಟರಂತೆ, ಅದರಲ್ಲಿ ನನ್ನ ಪಾಲೂ ಇದೆಯಂತೆ. ಕೊಟ್ಟಿದ್ದು ಯಾರು, ಕೇಳಿದ್ದು ಯಾರು? ಮೂರನೇ ಪಾವತಿ ಬರಲೇ ಇಲ್ಲ. ದೀಪಾವಳಿಗೂ ಮುಂಚೆ ನಾನು ಮಾಲು ಕಳಿಸೋದು ನಿಲ್ಲಿಸಿದೆ.

ಇಷ್ಟೇ ಆಗಿದ್ದರೆ ಬರೀತಾ ಇರಲಿಲ್ಲ. ದುಡ್ಡು ಸತಾಯಿಸೋರು ಮಂಡಿಯಲ್ಲೂ ಇದ್ದಾರೆ.

ಸಂಕ್ರಾಂತಿ ಆದಮೇಲೆ ಬೆಂಗಳೂರಿಂದ ಒಬ್ಬರು ಹಿರಿಯರ ಫೋನು. ಮುಂಚೆ ನಮ್ಮ ಹತ್ರ ನೇರವಾಗಿ ತರಿಸ್ಕೊಳ್ತಾ ಇದ್ದೋರು, ನಂಬರ್ ಇಟ್ಕೊಂಡಿದ್ದರು. "ತಂಗೀ, ಈ ಸಲ ಮಿಡಿ ಮೆತ್ತಗಾಗಿದೆ, ವಿನೆಗರ್ ವಾಸನೆ ಹೊಡೀತಿದೆ. ನೀವೂ ಶುರು ಮಾಡಿದ್ರಾ?" ಅಂದರು. ನನಗೆ ಅರ್ಥವೇ ಆಗಲಿಲ್ಲ. ವಿನೆಗರ್ ನಮ್ಮನೆ ಹೊಸಿಲು ದಾಟಿದ್ದೇ ಇಲ್ಲ. ಯಾವಾಗ ತರಿಸಿದ್ದು ಅಂದೆ. ಹೋದ ವಾರ ಅಂದರು. ಫೋಟೊ ಕಳಿಸಿ ಅಂದೆ.

ಫೋಟೊ ನೋಡಿದೆ. ಒರಳು ಕಲ್ಲಿನ ಮುಂದೆ ನಾನು. ನಮ್ಮೂರ ಹೆಸರು. "ಅಜ್ಜಿಯ ಕೈರುಚಿ" ಅಂತ ಕೆಳಗೆ ಅತ್ತೆಯವರ ಚಿತ್ರ. ಒಳಗೆ ತೊಟ್ಟೇ ಇಲ್ಲದ, ಅಚ್ಚಲ್ಲಿ ಹೊಯ್ದ ಹಾಗೆ ಒಂದೇ ಅಳತೆಯ ಮಿಡಿ, ಮೇಲೆ ಎರಡು ಬೆರಳು ಎಣ್ಣೆ. ಕೆಳಗೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್. ನನ್ನದು! ಒಂದೊಂದೇ ಅಂಕಿ ಬೆರಳಿಟ್ಟು ಸರಿ ನೋಡಿದೆ. ನನ್ನದೇ. ನಾಳೆ ಆ ಬಾಟಲಿ ತಿಂದು ಯಾರಿಗಾದರೂ ಹೊಟ್ಟೆ ಕೆಟ್ಟರೆ ಅಧಿಕಾರಿಗಳು ಮೊದಲು ಹುಡುಕ್ಕೊಂಡು ಬರೋದು ಆ ನಂಬರ್ ಹಿಡಿದು, ನಮ್ಮನೆಗೆ. ಆ ಹಿರಿಯರು ಲೈನಲ್ಲೇ ಇದ್ದರು, ನನಗೆ ಬಾಯಿಂದ ಮಾತು ಬರಲಿಲ್ಲ. ಅವರು ಪಾಪ, "ಇರಲಿ ಬಿಡಿ, ಬೇಜಾರು ಮಾಡ್ಕೋಬೇಡಿ" ಅಂತ ನನಗೇ ಸಮಾಧಾನ ಹೇಳಿದರು. ಅದು ಇನ್ನೂ ಚುಚ್ಚಿತು.

ಫೋಟೊ ತೆಗೆಯೋಕೆ ಬಂದಿದ್ದ ಮ್ಯಾನೇಜರ್‌ಗೆ ಫೋನ್ ಮಾಡಿದೆ. ಅವರ ಉತ್ತರ ಹೇಗಿತ್ತೋ ಹಾಗೇ ಹಾಕ್ತೀನಿ: "ಮೇಡಂ, ಸ್ಟಾಕ್ ಗ್ಯಾಪ್ ಆದಾಗ ಪಾರ್ಟ್‌ನರ್ ಪೂಲ್‌ನಿಂದ ಫುಲ್‌ಫಿಲ್ ಮಾಡ್ತೀವಿ. ಸಿಸ್ಟಮ್ ಆಟೊಮ್ಯಾಟಿಕ್ ಮಾಡುತ್ತೆ. ನಿಮ್ಮ ಬ್ರ್ಯಾಂಡ್ ನಿಲ್ಲದೆ ಓಡ್ತಾ ಇದೆ, ನೀವು ಖುಷಿ ಪಡಬೇಕು." ಅಂದರೆ ನನ್ನ ಮಾಲು ಇಲ್ಲದಾಗ ಬೇರೆಯವರದ್ದು ತುಂಬಿ ಕಳಿಸ್ತಾರೆ. ಖುಷಿ ಪಡಬೇಕಂತೆ. ನನ್ನ ಮುಖ ತೆಗೀರಿ ಅಂದೆ. ಒಪ್ಪಂದದ ಪ್ರಕಾರ "ಸ್ಟೋರಿ ಅಸೆಟ್" ಎಲ್ಲ ಕಂಪನಿಯದ್ದು ಅಂದರು. ಅಂದರೆ ನನ್ನ ಮುಖ, ಅತ್ತೆಯವರ ಮಂಡಿ ನೋವು, ನಮ್ಮ ಒರಳು ಕಲ್ಲು.

ಆಮೇಲೆ ಫೋನ್ ಎತ್ತಲಿಲ್ಲ. ಚಾಟ್‌ನಲ್ಲಿ ಬಂದಿದ್ದು: "ಪ್ರಿಯ ಪಾಲುದಾರರೇ, ನಿಮ್ಮ ಸಂದೇಶ ನಮಗೆ ಅಮೂಲ್ಯ." ಬಾಕಿ ದುಡ್ಡಿನ ಬಗ್ಗೆ ಬರೆದೆ. ನಮ್ಮಂಥ ನೋಂದಣಿ ಆದ ಸಣ್ಣ ತಯಾರಕರಿಗೆ ಹೆಚ್ಚೆಂದರೆ 45 ದಿನದೊಳಗೆ ಪಾವತಿ ಮಾಡಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತೆ. ಅದಕ್ಕೆ ಉತ್ತರ: "ನಾವು ಖರೀದಿದಾರರಲ್ಲ, ಕೇವಲ ಮಾರ್ಕೆಟ್‌ಪ್ಲೇಸ್." ಸರಿ, ಹಾಗಿದ್ರೆ ಕೊಂಡೋರು ಯಾರು, ಪಟ್ಟಿ ಕೊಡಿ. "ಗ್ರಾಹಕರ ಮಾಹಿತಿ ಗೌಪ್ಯ." ಕೇವಲ ಮಾರ್ಕೆಟ್‌ಪ್ಲೇಸ್ ಆದೋರು ನನ್ನ ಲೇಬಲ್‌ನ ಬಾಟಲಿಗೆ ಬೇರೆಯವರ ಮಿಡಿ ತುಂಬಿದ್ದು ಹೇಗೆ? "ಪ್ರಿಯ ಪಾಲುದಾರರೇ, ನಿಮ್ಮ ಸಂದೇಶ ನಮಗೆ ಅಮೂಲ್ಯ." ಮತ್ತೆ ಅದೇ. ಮತ್ತೆ ಮತ್ತೆ ಅದೇ.

ಇನ್ನೂ ಇದೆ. ಆ ಹಿರಿಯರು ಸುಮ್ಮನಿರೋ ಜನ ಅಲ್ಲ, ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದರು. 2020ರ ಇ-ಕಾಮರ್ಸ್ ನಿಯಮದಲ್ಲಿ ಗ್ರಾಹಕರ ದೂರಿಗೆ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ತಿಂಗಳೊಳಗೆ ಬಗೆಹರಿಸಬೇಕು ಅಂತ ಇದೆ. ಅವರಿಗೆ 349 ವಾಪಸ್ ಬಂತು. ನನ್ನ ಲೆಡ್ಜರ್ ತೆಗೆದು ನೋಡ್ತೀನಿ, "ಕ್ವಾಲಿಟಿ ಪೆನಾಲ್ಟಿ" ಅಂತ 349 ಕಡಿತ! ನಾನು ಮಾಡದ ಉಪ್ಪಿನಕಾಯಿಗೆ, ನಾನು ಕಾಣದ ಮಿಡಿಗೆ, ದಂಡ ನನಗೆ.

ಊರಲ್ಲಿ ತಲೆ ಎತ್ತೋದು ಹೇಗೆ ಅನ್ನೋದು ಬೇರೆ ಕಥೆ. ನನ್ನ ಫೋಟೊ ನೋಡಿ ಕೇರಿಯ ನಾಲ್ಕಾರು ಹೆಂಗಸರೂ ಅದೇ ಆ್ಯಪ್‌ಗೆ ಹಲಸಿನ ಹಪ್ಪಳ ಕೊಟ್ಟಿದ್ದರು. ಮೇ ತಿಂಗಳ ಬಿಸಿಲಲ್ಲಿ ಸೊಳೆ ಬೇಯಿಸಿ, ಕುಟ್ಟಿ, ಒತ್ತಿ, ಒಣಗಿಸಿದ್ದು. ಅವರು ಆ್ಯಪ್‌ನೋರನ್ನ ಕೇಳಲ್ಲ, ನನ್ನನ್ನ ಕೇಳ್ತಾರೆ. ಮದುವೆ ಮನೇಲಿ, ಸೊಸೈಟಿ ಹತ್ರ, ಬಸ್‌ಸ್ಟ್ಯಾಂಡಲ್ಲಿ. ಒಬ್ಬರು ಕೇಳಲ್ಲ, ನೋಡ್ತಾರೆ ಅಷ್ಟೇ.

ಈಗ ಆಗಿದ್ದು: ಆಹಾರ ಸುರಕ್ಷತೆ ಅಧಿಕಾರಿಗಳ ಕಚೇರಿಗೆ ಫೋಟೊ ಸಮೇತ ಲಿಖಿತವಾಗಿ ಕೊಟ್ಟಿದ್ದೀನಿ, ಆ ಬಾಟಲಿ ನಮ್ಮನೆಯದಲ್ಲ ಅಂತ. ಸ್ವೀಕೃತಿ ಮೊಹರು ಹಾಕಿಸ್ಕೊಂಡೇ ಎದ್ದು ಬಂದೆ. ಬಾಕಿ ದುಡ್ಡಿಗೆ ವಕೀಲರ ನೋಟಿಸ್ ಹೋಗಿದೆ.

ಆ್ಯಪ್‌ಗೆ ಕೊಡಲೇಬೇಡಿ ಅಂತ ನನ್ನ ಬಾಯಲ್ಲಿ ಬರುತ್ತೆ, ಕೋಪಕ್ಕೆ. ಕೊಡೋದೇ ಆದ್ರೆ ಲೈಸೆನ್ಸ್ ಪ್ರತಿ ಮೇಲೆ "ಇಂಥ ಕಂಪನಿಗೆ, ನಾನೇ ತುಂಬಿ ಸೀಲ್ ಮಾಡಿದ ಮಾಲಿಗೆ ಮಾತ್ರ" ಅಂತ ಅಡ್ಡಗೆರೆ ಹಾಕಿ ಬರೆದು ಸಹಿ ಮಾಡಿ ಕೊಡಿ. ಡ್ರಮ್‌ನಲ್ಲಿ ಕಳಿಸಬೇಡಿ, "ನಾವು ಅಲ್ಲಿ ಬಾಟಲಿಗೆ ತುಂಬ್ಕೊಳ್ತೀವಿ" ಅಂದರೆ ಅಲ್ಲೇ ಮಾತು ನಿಲ್ಲಿಸಿ. ಮಾಲು ಕಳಿಸೋದು ನಿಲ್ಲಿಸಿದ ದಿನವೇ ಫೋಟೊ, ಹೆಸರು ತೆಗೀಬೇಕು ಅಂತ ಒಪ್ಪಂದದಲ್ಲಿ ಬರೆಸಿ. ಬರೆಯಲ್ಲ ಅಂದರೆ ಕ್ಯಾಮೆರಾ ಬ್ಯಾಗಿಗೆ ಹಾಕ್ಕೊಂಡು ಹೋಗಲಿ, ಚಾ ಕೂಡ ಕೊಡಬೇಡಿ. ಮುಂಚೆ ಫೋಟೊ ಕೊಟ್ಟೋರು ಇವತ್ತೇ ನಿಮ್ಮ ಊರ ಹೆಸರು ಹಾಕಿ ಹುಡುಕಿ, ನೀವು ಮಾಡದೇ ಇರೋದು ನಿಮ್ಮ ಹೆಸರಲ್ಲಿ ಮಾರಾಟಕ್ಕಿದೆಯಾ ನೋಡಿ.

ಕೊಳ್ಳೋರಿಗೆ ಒಂದು ಮಾತು. ನನ್ನ ಮುಖ ಇರೋ ಬಾಟಲಿ ನಿಮ್ಮ ಮನೇಲಿದ್ದರೆ ತಿರುಗಿಸಿ ತಳ ನೋಡಿ. ಭರಣಿ ನಂಬರು, ತುಂಬಿದ ತಾರೀಕು ನೀಲಿ ಮಾರ್ಕರ್‌ನಲ್ಲಿ ಕೈಯಲ್ಲೇ ಬರೆದಿರ್ತೀನಿ. ಅದಿಲ್ಲ ಅಂದರೆ ನಮ್ಮನೆಯದಲ್ಲ. ತಿನ್ನಬೇಡಿ, ಎಸೀಲೂ ಬೇಡಿ. ಬಾಟಲಿ, ಬಿಲ್ಲು ಎರಡರ ಫೋಟೊ ತೆಗೆದು ಇನ್‌ಬಾಕ್ಸ್‌ಗೆ ಕಳಿಸಿ, ದೂರಿನ ಜೊತೆ ಲಗತ್ತಿಸಬೇಕು.