ಮಲ್ಪೆ ಮೀನು: ಮಳೆಗಾಲಕ್ಕೋ, ದೀಪಾವಳಿ ಹೊತ್ತಿಗೋ?

ಮೀನಿಗೆಂದು ಉಡುಪಿ ಹತ್ತಿರದ ಮಲ್ಪೆ ಬಂದರಿಗೆ ಹೋಗುವುದಾದರೆ ಯಾವಾಗ ಹೋಗಬೇಕು? ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಆಗ ಕಡಲಿಗಿಳಿಯುವುದು ಸಣ್ಣ ನಾಡದೋಣಿ ಮಾತ್ರ, ಅದೂ ಕಡಲು ಇಳಿಯಲು ಬಿಟ್ಟರೆ. ತೂಫಾನ್ ಎದ್ದು ಇಳಿದ ಮೇಲೆ ದಡದ ಹತ್ತಿರವೇ ಸಿಗಡಿ ಸಿಕ್ಕೀತು. ತಾಜಾ ಅಂದರೆ ತಾಜಾ! ಆದರೆ ಸಿಗುವುದು ಕಡಿಮೆ, ರೇಟು ಜಾಸ್ತಿ. ಬಂಡೆ ಮೇಲೆ ನಿಂತು ಗಾಳ ಹಾಕುವ ಯೋಚನೆಯಂತೂ ಬೇಡವೇ ಬೇಡ. ಅಲೆ ಎಳೆದುಕೊಂಡು ಹೋಗುತ್ತದೆ.

ಅಕ್ಟೋಬರ್‌ನಿಂದ ಡಿಸೆಂಬರ್ ಬೇರೆಯದೇ ಕತೆ. ಕಡಲು ಶಾಂತ, ಬಂದರಿನ ತುಂಬ ಗಲಾಟೆ. ಬಂಗುಡೆ, ಅಂಜಲ್ (ಸೀರ್ ಫಿಶ್) ಎರಡೂ ಸಿಗುತ್ತವೆ. ಬೂತಾಯಿಯನ್ನು (ಸಾರ್ಡೀನ್) ಮಾತ್ರ ನಂಬಬೇಡಿ: ಒಂದು ವರ್ಷ ರಾಶಿ, ಇನ್ನೊಂದು ವರ್ಷ ಹುಡುಕಬೇಕು. ಗಾಳದವರಿಗೂ ಇದೇ ಒಳ್ಳೆ ಕಾಲ.

ನನ್ನ ಓಟು ನವೆಂಬರ್‌ಗೆ. ಸಿಗಡಿ ಹುಚ್ಚಿದ್ದವರು, ಜೇಬೂ ಗಟ್ಟಿಯಿದ್ದರೆ, ಜುಲೈಯಲ್ಲೇ ಹೊರಡಿ. ಕೊಡೆ ಮರೀಬೇಡಿ.