ಸ್ಪಾಕ್, ಓಡೊ, ಸೆವೆನ್: ಯಾರ ಕಥೆ ಮೊದಲು?

‘ಸ್ಟಾರ್ ಟ್ರೆಕ್’ ಎಂಬ ಬಾಹ್ಯಾಕಾಶ ಕಥೆಗಳ ಟಿವಿ ಸರಣಿಗಳಲ್ಲಿ ಮನುಷ್ಯರ ನಡುವೆ ಹೊರಗಿನವರಾಗಿ ಬದುಕುವ ಈ ಮೂರು ಪಾತ್ರಗಳಲ್ಲಿ ಯಾವುದನ್ನು ಮೊದಲು ನೋಡಬೇಕೆಂಬ ಪ್ರಶ್ನೆಗೆ ಉತ್ತರ, ನಿಮಗಿರುವ ಬಿಡುವನ್ನು ಅವಲಂಬಿಸಿದೆ. 1966ರಿಂದ 1969ರವರೆಗೆ ಪ್ರಸಾರವಾದ ಮೂಲ ಸರಣಿಯಲ್ಲಿ ಇರುವುದು 79 ಕಂತುಗಳು. ಹೆಚ್ಚಿನವು ಬಿಡಿ ಕಥೆಗಳಾದ್ದರಿಂದ ಲಿಯೊನಾರ್ಡ್ ನಿಮೊಯ್ ಅಭಿನಯದ ಸ್ಪಾಕ್‌ನನ್ನು ಎಲ್ಲಿಂದಲಾದರೂ ಪರಿಚಯ ಮಾಡಿಕೊಳ್ಳಬಹುದು. ಓಡೊನ ‘ಡೀಪ್ ಸ್ಪೇಸ್ ನೈನ್’ ಮತ್ತು ಸೆವೆನ್‌ಳ ‘ವಾಯೇಜರ್’ ತಲಾ ಏಳು ಸೀಸನ್‌ಗಳಷ್ಟು ದೀರ್ಘವಾಗಿವೆ. ಸೆವೆನ್ ಬರುವುದು ‘ವಾಯೇಜರ್’ನ ನಾಲ್ಕನೆಯ ಸೀಸನ್ನಿನಲ್ಲಿ, ಅಲ್ಲಿಂದಲೇ ಆರಂಭಿಸಿದರೂ ಹೆಚ್ಚಿನ ನಷ್ಟವಿಲ್ಲ.

ಪರಕೀಯತೆಯ ಬಗೆಯೂ ಒಂದೇ ಅಲ್ಲ. ತರ್ಕವನ್ನೇ ನಂಬುವ ವಲ್ಕನ್ ಎಂಬ ಅನ್ಯಗ್ರಹ ಜನಾಂಗದ ತಂದೆಗೂ ಮನುಷ್ಯ ತಾಯಿಗೂ ಹುಟ್ಟಿದ ಸ್ಪಾಕ್‌ನ ಒಳಜಗಳ ತರ್ಕಕ್ಕೂ ಭಾವಕ್ಕೂ ನಡುವಿನದು. ಹಾಸ್ಯ ಬೇಕಿದ್ದವರಿಗೆ ಬಾಹ್ಯಾಕಾಶ ನೌಕೆಯ ಡಾಕ್ಟರ್ ಮೆಕಾಯ್ ಜೊತೆಗಿನ ಅವನ ವಾಗ್ವಾದಗಳೇ ಸಾಕು. ಸೆವೆನ್ ಮನುಷ್ಯಳಾಗಿಯೇ ಹುಟ್ಟಿ, ಬಾಲ್ಯದಲ್ಲಿ ಎಲ್ಲರನ್ನೂ ಒಂದೇ ಮನಸ್ಸಿಗೆ ಬೆಸೆಯುವ ಅರೆಯಂತ್ರ ಜೀವಿಗಳಾದ ಬೋರ್ಗ್ ಸಮೂಹದ ಪಾಲಾಗಿ, ಮತ್ತೆ ‘ನಾನು’ ಎನ್ನಲು ಕಲಿಯುವವಳು.

ನನ್ನ ಮಟ್ಟಿಗೆ ಹೆಚ್ಚು ಕಾಡುವವನು ಓಡೊ. ದ್ರವರೂಪಿಯಾದ ಅವನು ಮನುಷ್ಯಾಕಾರವನ್ನು ಕಷ್ಟಪಟ್ಟು ತಾಳಿ, ವಿಶ್ರಾಂತಿಗೆ ಬಕೆಟ್ಟೊಂದಕ್ಕೆ ಮರಳುತ್ತಾನೆ. ತನ್ನವರು ಯಾರೆಂದು ವರ್ಷಗಟ್ಟಲೆ ಹುಡುಕಿ, ಕೊನೆಗೆ ಅವರೇ ಶತ್ರುಸಾಮ್ರಾಜ್ಯದ ಸ್ಥಾಪಕರೆಂದು ತಿಳಿಯುತ್ತಾನೆ. ಸ್ಪಾಕ್‌ಗೆ ಮರಳಲು ಒಂದು ಗ್ರಹವಾದರೂ ಇದೆ, ಓಡೊಗೆ ಮರಳುವುದೆಂದರೆ ಪಕ್ಷಾಂತರ. ಆದರೆ ಈ ಕಥೆ ನಿಧಾನವಾಗಿ ಬೆಳೆಯುವುದರಿಂದ, ವಾರಾಂತ್ಯಕ್ಕೊಂದು ಕಂತು ಮಾತ್ರ ನೋಡುವವರಿಗೆ ಸ್ಪಾಕ್‌ನೇ ಅನುಕೂಲ.